ಮೂರನೆಯ ಸಾಲಿನ ಉಸಿರು

"ಮಧ್ಯಮ," ಎಂದಿತು ಎದೆಬಿಲ್ಲೆ.

ಸುಮನಸಳ ಎದೆಗೆ ಅಂಟಿಸಿದ್ದ ಆ ಬಿಲ್ಲೆ ನಾಣ್ಯಕ್ಕಿಂತ ಕೊಂಚ ದೊಡ್ಡದು. ಶಬ್ದದ ಅಲೆಗಳನ್ನು ಒಳಗೆ ಕಳಿಸಿ, ರಕ್ತ ಹೃದಯದಿಂದ ಮೈಗೆಲ್ಲ ಹೊರಡುವ ಬಾಗಿಲು, ಅಂದರೆ ಮಹಾಕವಾಟ, ಎಷ್ಟು ಸುಣ್ಣಗಟ್ಟಿದೆ ಎಂದು ಅಳೆಯುತ್ತಿತ್ತು. ಸೌಮ್ಯ, ಮಧ್ಯಮ, ತೀವ್ರ: ಅದಕ್ಕೆ ಬರುತ್ತಿದ್ದದ್ದು ಮೂರೇ ಮಾತು. ತೀವ್ರವಾದರೆ ಹೊಸ ಕವಾಟ, ಇಲ್ಲವಾದರೆ ಮನೆಗೆ. ಎರಡು ಸಾವಿರದ ಐವತ್ತೆಂಟರ ಹೊತ್ತಿಗೆ ರಾಜ್ಯದ ಹೃದಯಕೇಂದ್ರಗಳಲ್ಲಿ ವಶೀಲಿ ನಿಂತದ್ದು ಇದರಿಂದಲೇ. ಇದನ್ನು ಮಾಡಿದವನು ಸುಮನಸಳ ತಮ್ಮ ಅನಿರುದ್ಧ.

ಪಕ್ಕದಲ್ಲಿದ್ದ ಅವಳ ಗಂಡ ವಾಸುಕಿಗೆ ಅದು ಆಗಲೇ "ತೀವ್ರ" ಎಂದಿತ್ತು.

"ನೋಡಿದ್ಯಾ, ಕಾಯಿಲೇಲೂ ನಿಮ್ಮ ಭಾವಂದೇ ಮೇಲುಗೈ," ಎಂದು ಸುಮನಸ ಎದುರಿಗಿದ್ದ ತಮ್ಮನತ್ತ ತಿರುಗಿ ನಕ್ಕಳು. ನಗು ಮುಗಿಯುವ ಮೊದಲೇ ಏದುಸಿರು ಬಂತು.

"ಮೆಟ್ಟಿಲು ಹತ್ತೋವಾಗ ನನಗಿಂತ ಇವಳೇ ಹೆಚ್ಚು ನಿಲ್ತಾಳೆ ಕಣೋ ಅನಿ. ಇನ್ನೊಂದ್ಸಲ ನೋಡು," ಎಂದ ವಾಸುಕಿ.

"ಎಷ್ಟು ಸಲ ನೋಡಿದ್ರೂ ಅಷ್ಟೇ ಭಾವ. ಅಕ್ಕ ತಮ್ಮ, ಗಂಡು ಹೆಣ್ಣು, ಏನೂ ಅದಕ್ಕೆ ಗೊತ್ತಿಲ್ಲ. ಅದೇ ಅದರ ದೊಡ್ಡಗುಣ."

ವಾಸುಕಿಗೆ ಹೊಸ ಕವಾಟ ಬಂತು. ಗಂಜಿ ಕಾಯಿಸಿ, ತೋಳು ಹಿಡಿದು ಅಂಗಳದಲ್ಲಿ ಅಡ್ಡಾಡಿಸಿದವಳು ಸುಮನಸ.

ಹಾಸನದಲ್ಲಿ ಅಕ್ಕತಮ್ಮಂದಿರ ಗಮಕಕ್ಕೆ ಹೆಸರಿತ್ತು. ಅವಳು ಪದ್ಯ ಓದಿದರೆ ಅವನು ವ್ಯಾಖ್ಯಾನ ಹೇಳುತ್ತಿದ್ದ. ಷಟ್ಪದಿಯ ಮೂರನೆಯ ಸಾಲು ಉದ್ದ; ಅದನ್ನು ಒಂದೇ ಉಸಿರಿಗೆ ದಾಟಿಸುವುದು ಅವಳ ಹೆಮ್ಮೆ. ಈಚೆಗೆ ಅಲ್ಲೇ ಉಸಿರು ಕಡಿಯುತ್ತಿತ್ತು. ಕಡಿದಾಗಲೆಲ್ಲ ಅನಿರುದ್ಧ ತಟ್ಟನೆ ವ್ಯಾಖ್ಯಾನಕ್ಕೆ ಇಳಿದು ಮುಚ್ಚಿಹಾಕುತ್ತಿದ್ದ. ಸಭೆಗೆ ಅದು ಹೊಸ ಸೊಗಸಾಗಿ ಕಂಡಿತು. "ಆ ಮೌನ ಇದೆಯಲ್ಲ, ಆಹಾ!" ಎನ್ನುತ್ತಿದ್ದರು. ಅದು ಸೊಗಸಲ್ಲವೆಂದು ಅವನ ಕಿವಿಗೆ ತಿಳಿಯುತ್ತಿತ್ತು. ಆದರೆ ಬಿಲ್ಲೆ ಮಧ್ಯಮ ಎಂದಿತ್ತಲ್ಲ.

ಕಾರ್ತಿಕದ ಒಂದು ಸಂಜೆ, ದೇವಸ್ಥಾನದ ಪ್ರಾಂಗಣ ತುಂಬಿತ್ತು. ಯುದ್ಧದ ಹಿಂದಿನ ದಿನದ ಪದ್ಯ. ಮೂರನೆಯ ಸಾಲಿನ ನಡುವೆ ಸುಮನಸ ನಿಂತಳು. ಅನಿರುದ್ಧ ಎಂದಿನಂತೆ ವ್ಯಾಖ್ಯಾನ ಎತ್ತಿಕೊಂಡ. ಅಕ್ಕ ಸುಧಾರಿಸಿಕೊಳ್ಳಲಿ ಎಂದು ಅಂದು ಬೇಕೆಂದೇ ಬೆಳೆಸಿದ. ತಾಯಿಯ ದುಗುಡ, ಸಾಯಲು ಹೊರಟವರ ಧೈರ್ಯ, ಎಲ್ಲ ಬಂತು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಸಭೆ ಚಪ್ಪಾಳೆ ತಟ್ಟುವಾಗ ಅವನು ಪಕ್ಕಕ್ಕೆ ತಿರುಗಿದ.

ಅವಳ ಗಲ್ಲ ಶ್ರುತಿಪೆಟ್ಟಿಗೆಯ ಮೇಲಿತ್ತು. ಪೆಟ್ಟಿಗೆ ಇನ್ನೂ ಶ್ರುತಿ ಹಿಡಿದೇ ಇತ್ತು. ಎದೆ ಒತ್ತಲು ಹೋದ ಅವನ ಕೈ ತಗುಲಿ, ಅಂದಿನಿಂದ ಅಲ್ಲೇ ಅಂಟಿಸಿಟ್ಟಿದ್ದ ಬಿಲ್ಲೆ ತನ್ನ ಕೊನೆಯ ತೀರ್ಪನ್ನು ಮತ್ತೆ ನುಡಿಯಿತು: "ಮಧ್ಯಮ."

ಹೆಣ್ಣಿನ ಹೃದಯ ಚಿಕ್ಕದು. ಅದರ ಕವಾಟ ಕಡಿಮೆ ಸುಣ್ಣಕ್ಕೇ ಬಿಗಿಯುತ್ತದೆ. ಸುಣ್ಣಕ್ಕಿಂತ ನಾರು ಬೆಳೆದು ಗಡುಸಾಗುತ್ತದೆ. ಗಂಡಿಗೆ ಮಧ್ಯಮವಾದ ಸುಣ್ಣ ಹೆಣ್ಣಿಗೆ ತೀವ್ರ. ಇದನ್ನು ಅನಿರುದ್ಧ ಓದಿರಲಿಲ್ಲವೆಂದಲ್ಲ. ಎಲ್ಲರಿಗೂ ಒಂದೇ ಗೆರೆ ಎಳೆಯುವುದೇ ನ್ಯಾಯ ಎಂದು ಬಿಟ್ಟಿದ್ದ. ಆ ಗೆರೆಯನ್ನು ಬಿಲ್ಲೆಗೆ ಕಲಿಸಿದ್ದು ಹಿಂದಿನ ದಶಕಗಳ ಹೃದಯಗಳು, ಅಂದರೆ ಇದನ್ನು ಓದುತ್ತಿರುವ ನಮ್ಮ ಕಾಲದವು. ಅವುಗಳಲ್ಲಿ ಹೆಚ್ಚಿನವು ಗಂಡಸರವು.

ಹನ್ನೆರಡನೆಯ ದಿನ ಕಳೆದ ಮೇಲೆ ಅವನು ಹೃದಯಕೇಂದ್ರಗಳ ಸಮಿತಿಯ ಮುಂದೆ ಹೋಗಿ, ಹೆಂಗಸರಿಗೆ ಬೇರೆ ಗೆರೆ ಬೇಕೆಂದ.

ಅಧ್ಯಕ್ಷೆ ಕನ್ನಡಕ ತೆಗೆದಳು. "ಕವಾಟದ ಸರದಿ ದುಪ್ಪಟ್ಟಾಗತ್ತೆ ಸಾರ್. ಜೊತೆಗೆ, ನಿಮ್ಮ ಅಕ್ಕ ಹೋದ್ರು ಅಂತ ಗೆರೆ ಸರಿಸಿದ್ರೆ ಜನ ಏನಂತಾರೆ? ಬಿಲ್ಲೆಗೆ ಯಾರೂ ಅಕ್ಕ ಅಲ್ಲ ಅಂತ ನೀವೇ ಅಲ್ವೆ ನಮಗೆ ಹೇಳಿಕೊಟ್ಟಿದ್ದು?"

ಅವನು ಹೊರಗೆ ಬಂದ. ಹಜಾರದಲ್ಲಿ ಒಬ್ಬ ಹೆಂಗಸು ಗೋಡೆ ಹಿಡಿದು ನಿಂತು, ಉಸಿರು ಸಿಕ್ಕಾಗ ಸಿಕ್ಕಷ್ಟು ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದಳು:

"ಏನೂ ಇಲ್ವಂತೆ ಕಣೇ... ಬರೀ ಮಧ್ಯಮವಂತೆ... ದೇವರು ದೊಡ್ಡೋನು. ಅಕ್ಕಿ ನೆನೆಹಾಕಿರು, ಬಂದ್ಬಿಟ್ಟೆ."