ಫಾರಂ ಗೇಟು ಮುಚ್ಚಿದ ವಾರ

"ಈ ಕೋಳಿ ಕೊಡೋಕಾಗಲ್ಲ," ಎಂದ ಅವನು, ತಲೆಯನ್ನೂ ಎತ್ತದೆ.

ಅವಳು ಸ್ಕೂಟರ್ ನಿಲ್ಲಿಸಿ ಆ ಫಾರಂನೊಳಗೆ ಬಂದು ಎರಡು ನಿಮಿಷವೂ ಆಗಿರಲಿಲ್ಲ. ಬಿಸಿಲಿಗೆ ಮೊದಲೇ ತಲೆ ಕಾದಿತ್ತು.

"ಯಾಕೆ, ಮಾರೋಕೆ ತಾನೆ ಸಾಕಿರೋದು?"

"ಇದು ಮೊಟ್ಟೆ ಇಡೋದು. ಅಡುಗೆಗೆ ಆಗೋದು ಆ ಕಡೆ ಇದೆ. ಯಾರಿಗೆ ಬೇಕಿತ್ತು?"

ಯಾರಿಗಾದರೆ ನಿನಗೇನು ಎನ್ನಬೇಕೆಂದಿದ್ದಳು. ಬಾಯಿಂದ ಬಂದದ್ದೇ ಬೇರೆ.

"ನಮ್ಮಪ್ಪನಿಗೆ. ಜ್ವರ ಬಿಟ್ಟು ಮೂರು ವಾರ ಆಯ್ತು... ಏನು ಕೊಟ್ರೂ ರುಚಿ ಇಲ್ಲ ಅಂತ ತಟ್ಟೆ ತಳ್ತಾರೆ. ಅಂಗಡಿ ಮೊಟ್ಟೆ ಕೊಟ್ರೆ ರಬ್ಬರ್ ಅಂತಾರೆ."

ಮಾತು ಅಲ್ಲಿಗೇ ನಿಂತಿತು.

ಅವನು ಈಗ ತಲೆ ಎತ್ತಿದ. ಆ ಕಡೆಯ ಶೆಡ್ಡಿಗೆ ಹೋಗಿ, ಅರ್ಧ ಗಂಟೆಯಲ್ಲಿ ಕೋಳಿಯನ್ನು ಶುಚಿಮಾಡಿ ತಂದುಕೊಟ್ಟ.

"ಮೂಳೆ ಸಮೇತ ತಣ್ಣೀರಲ್ಲಿ ಇಡಿ. ಸಣ್ಣ ಉರಿ, ಎರಡು ಗಂಟೆ. ನೊರೆ ತೆಗೀತಾ ಇರಿ. ಈರುಳ್ಳಿ, ಮೆಣಸು ಸಾಕು. ಉಪ್ಪು ಕೊನೇಲಿ."

'ನನಗೇ ಅಡುಗೆ ಪಾಠ ಹೇಳ್ತಾನಲ್ಲ...' ಎಂದುಕೊಂಡಳು. ಆದರೆ ಹೇಳಿದ ಹಾಗೆಯೇ ಮಾಡಿದಳು.

ಮೂವತ್ತು ವರ್ಷ ಬಸ್ಸು ಓಡಿಸಿದ ಅಪ್ಪ, ಗೋಡೆಗೆ ಮುಖ ಮಾಡಿ ಮಲಗಿದ್ದವರು, ಪರಿಮಳಕ್ಕೆ ಇತ್ತ ತಿರುಗಿದರು. ಒಂದು ಬಟ್ಟಲು ಸೂಪು ಕುಡಿದರು. ಇನ್ನೊಂದು ಬಟ್ಟಲು ಕೇಳಿದರು.

ಅವಳು ಹಿತ್ತಿಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದಳು.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಅವನೇ ಮೊಟ್ಟೆ, ಕೋಳಿ ತಂದುಕೊಡತೊಡಗಿದ. ಜೊತೆಗೊಂದು ಅಡುಗೆ ಪಾಠ. ಅಪ್ಪ ಅವನಿಗೆ 'ಮೇಷ್ಟ್ರು' ಎಂದೇ ಹೆಸರಿಟ್ಟರು. ನಿಂತು ಕುಡಿಯುತ್ತಿದ್ದ ಚಹಾವನ್ನು ಮೇಷ್ಟ್ರು ಕೂತು ಕುಡಿಯತೊಡಗಿದ. ಲೋಟ ಖಾಲಿಯಾದ ಮೇಲೂ ಕೂತಿರತೊಡಗಿದ. ಊರಿಗೆಲ್ಲ ಬಟ್ಟೆ ಹೊಲಿಯುವ ಅವಳು ಶನಿವಾರ ಮಾತ್ರ ಮಿಷನ್ನಿಗೆ ಕೂರುತ್ತಿರಲಿಲ್ಲ. ಯಾಕೆಂದು ತನ್ನನ್ನೂ ಕೇಳಿಕೊಳ್ಳಲಿಲ್ಲ.

ಆರು ತಿಂಗಳ ನಂತರ ಒಂದು ಶನಿವಾರ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ. ನಾಲ್ಕು ದಿನ ಹೀಗೇ ಕಳೆಯಿತು.

ಬುಧವಾರ ರವಿಕೆ ಅಳತೆ ಕೊಡಲು ಬಂದ ಪಕ್ಕದ ಬೀದಿಯ ಅತ್ತೆ ಹೇಳಿದರು: "ಆ ಫಾರಂನಲ್ಲಿ ಕೋಳಿ ಸಾಯ್ತಿವೆಯಂತೆ ಕಣೆ. ಏನೋ ರೋಗ. ನೀವು ಅಲ್ಲಿಂದಲೇ ತರಿಸ್ತಿದ್ರಿ ಅಲ್ವಾ?"

ಅವಳ ಕೈಯಿಂದ ಟೇಪು ಜಾರಿತು. ಅಪ್ಪನಿಗೆ ಹೋದ ವಾರವೂ ಸೂಪು ಕೊಟ್ಟಿದ್ದಳು.

ಹತ್ತೇ ನಿಮಿಷಕ್ಕೆ ಫಾರಂ ಮುಂದಿದ್ದಳು. ಗೇಟಿಗೆ ಬೀಗ. ದೂರದಲ್ಲಿ ಅವನು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು.

"ಅಲ್ಲೇ ನಿಲ್ಲಿ. ಹತ್ತಿರ ಬರಬೇಡಿ," ಎಂದ.

"ಕೋಳಿ ಸಾಯ್ತಿರೋದು ನಿಜಾನಾ?"

"ನಿಜ. ಒಂಬತ್ತು."

"ನಮಗೆ ಒಂದು ಮಾತು ಹೇಳಲಿಲ್ಲ. ನಂಬಿಕೊಂಡು ಅಪ್ಪನಿಗೆ ತಿನ್ನಿಸಿದೆ ನಾನು. ಅವರಿಗೇನಾದ್ರೂ ಆದ್ರೆ... ನಿಮ್ಮ ಮುಖ ಈ ಜನ್ಮದಲ್ಲಿ ನೋಡಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಹೇಳಲಿಲ್ಲ. ಸುಮ್ಮನೆ ನಿಂತ.

ಆ ಮೌನವೇ ಅವಳಿಗೆ ತಪ್ಪೊಪ್ಪಿಗೆಯಂತೆ ಕಂಡಿತು. ಮನೆಗೆ ಬಂದವಳ ಕಣ್ಣು ನೋಡಿ ಅಪ್ಪ ಪೇಪರು ಕೆಳಗಿಟ್ಟರು.

"ಫಾರಂಗೆ ಹೋಗಿದ್ಯಾ?"

"ನಿಮಗೆ ಹೇಗೆ ಗೊತ್ತು?"

"ಬೈದು ಬಂದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಅಪ್ಪ ನಿಟ್ಟುಸಿರು ಬಿಟ್ಟರು.

"ಶುಕ್ರವಾರ ಮೊದಲ ಕೋಳಿ ಸತ್ತಾಗಲೇ ಅವನು ಪಶು ಡಾಕ್ಟರನ್ನ ಕರೆಸಿದ. ಅವತ್ತೇ ಗೇಟು ಮುಚ್ಚಿದ, ಒಂದು ಮೊಟ್ಟೆ ಆಚೆ ಬಿಟ್ಟಿಲ್ಲ. ಮೊದಲು ಫೋನ್ ಮಾಡಿದ್ದೂ ನನಗೇ. ದಿನಾ ಎರಡು ಸಲ ಮಾಡ್ತಾನೆ... ಜ್ವರ ಬಂತಾ, ಊಟ ಸೇರ್ತಾ ಅಂತ. ನಿನಗೆ ಹೇಳಬೇಡ ಅಂದಿದ್ದು ನಾನು, ಹೆದರ್ತೀಯ ಅಂತ. ನೀನು ಕೇಳಿದ್ರೆ ಅವನಿಗೆ ಮುಚ್ಚಿಡೋಕೆ ಬರಲ್ಲವಂತೆ. ಅದಕ್ಕೇ ನಿನ್ನ ಫೋನ್ ಎತ್ತಲಿಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತಳು. 'ಏನು ಮಾತಾಡಿಬಿಟ್ಟೆ ನಾನು...'

ಮರುದಿನ ಮಧ್ಯಾಹ್ನ ಅಪ್ಪನ ಫೋನು ಹೊಡೆದುಕೊಂಡಿತು. ಅವರು ಕೇಳಿಸಿಕೊಂಡರು, ಕಣ್ಣು ಮುಚ್ಚಿದರು, ನಕ್ಕರು.

"ಸತ್ತ ಕೋಳಿಗಳ ಪರೀಕ್ಷೆ ರಿಪೋರ್ಟು ಬಂತಂತೆ. ರೋಗ ಇಲ್ಲ. ಹೊಸದಾಗಿ ಬಿಚ್ಚಿದ ಮೂಟೆಯ ಮೇವಿಗೆ ಬೂಷ್ಟು ಹಿಡಿದಿತ್ತಂತೆ, ಅಷ್ಟೇ. ನಾವು ತಿಂದಿದ್ದು ಅದಕ್ಕಿಂತ ಮುಂಚಿನ ಕೋಳಿ."

ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಚಪ್ಪಲಿ ಮೆಟ್ಟಿಕೊಂಡಳು.

ಗೇಟು ತೆರೆದಿತ್ತು. ಅವನು ಮೆಟ್ಟಿಲ ಮೇಲೆ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು.

"ಊಟ ಆಯ್ತಾ?"

"ಬ್ರೆಡ್ ತಿಂದೆ."

"ನಿನ್ನೆ?"

"ಬ್ರೆಡ್ಡೇ."

ಅವಳು ಸೀದಾ ಅವನ ಅಡುಗೆಮನೆಗೆ ನಡೆದಳು. ಬಾಣಲೆಗೆ ಬೆಣ್ಣೆ ಹಾಕಿ, ಈರುಳ್ಳಿ ಕೆಂಪಾಗುವವರೆಗೆ ಹುರಿದಳು. ಡಾಕ್ಟರು ಒಪ್ಪಿಗೆ ಕೊಟ್ಟ ಶೆಡ್ಡಿನಿಂದ ಬೆಳಿಗ್ಗೆಯಷ್ಟೇ ತಂದ ನಾಲ್ಕು ಮೊಟ್ಟೆ ಒಡೆದಳು. ಅವನು ಬಾಗಿಲಿಗೆ ಒರಗಿ ನೋಡುತ್ತಿದ್ದ.

"ನಿನ್ನೆ ನಾನು ಅಂದಿದ್ದು..." ಅವಳು ತಿರುಗದೆಯೇ ಹೇಳಿದಳು, "ತಪ್ಪಾಯ್ತು."

"ಅಪ್ಪನ ವಿಷಯಕ್ಕೆ ಬಂದ್ರೆ ಯಾರಾದ್ರೂ ಹಾಗೇ ಅಂತಾರೆ. ಆದ್ರೆ ನೀವು ಮತ್ತೆ ಬರಲ್ಲ ಅಂದುಕೊಂಡೆ. ಕೋಳಿ ಸತ್ತಿದ್ದಕ್ಕಿಂತ ಅದೇ ಜಾಸ್ತಿ ಕಷ್ಟ ಆಯ್ತು."

ಅವಳು ತಟ್ಟೆ ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ನನಗೆ ಶನಿವಾರ ಒಂದೇ ಸಾಲಲ್ಲ," ಎಂದ.

ಅವಳು ಕೈಲಿದ್ದ ಸೌಟು ಕೆಳಗಿಟ್ಟಳು. "ಅಪ್ಪನ ಹತ್ರ ಕೇಳಿ."

"ಕೇಳಿದ್ದಾಯ್ತು, ಸೋಮವಾರವೇ. ಮೊದಲು ಅವಳನ್ನ ಕೇಳಯ್ಯ ಅಂದ್ರು."

"ಅದನ್ನೂ ಮುಚ್ಚಿಟ್ರಾ ಇಬ್ಬರೂ?"

"ಇನ್ಮೇಲೆ ಏನೂ ಮುಚ್ಚಿಡಲ್ಲ. ನನ್ನ ಜೊತೆ ಇರ್ತೀರಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವನೆದುರಿನ ಸ್ಟೂಲಿನಲ್ಲಿ ಕೂತಳು.

"ಹೂಂ... ಇರ್ತೀನಿ. ಈಗ ತಿನ್ನು, ಆರಿಹೋಗತ್ತೆ."

ತಟ್ಟೆಗೆ ಚಾಚಿದ ಅವನ ಕೈ ಅಲ್ಲೇ ನಿಂತಿತು. ಮುಖ ನಿಧಾನಕ್ಕೆ ಅರಳಿತು.

"ಏನಂದೆ?"

"ತಿನ್ನು ಅಂದೆ."