ಗದ್ದಲವೆಂದು ಅಳಿಸಿದವರು

ಹಳೆಅಳಿವೆ ಎಂಬ ಊರಿನ ಆಚೀಚಿನ ಕಡಲ ತೀರದ ಮೇಲೆ, ಹದ್ದಿನಂತೆ ರೆಕ್ಕೆ ಬಿಡಿಸಿದ ಪುಟ್ಟ ವಿಮಾನವೊಂದು ಸದ್ದಿಲ್ಲದೆ ತೇಲುತ್ತಿತ್ತು. ಅದರ ಹೊಟ್ಟೆಯಿಂದ ಎಳೆ ಹಸಿರು ಬೆಳಕಿನ ನೂಲೊಂದು ಇಳಿದು, ಒದ್ದೆ ಮರಳನ್ನು ಸವರಿ, ಆಳವಿಲ್ಲದ ನೀರನ್ನು ಹೊಕ್ಕು, ತಳವನ್ನು ಮುಟ್ಟಿ ಹಿಂತಿರುಗುತ್ತಿತ್ತು. ಬೆಳಕು ಹೋಗಿ ಬರಲು ಹಿಡಿಯುವ ಕಾಲವನ್ನು ಅಳೆದರೆ ನೆಲ ಎಷ್ಟು ಕೆಳಗಿದೆ ಎಂಬುದು ತಿಳಿಯುತ್ತದೆ. ಅಂಥ ಕೋಟ್ಯಂತರ ಬಿಂದುಗಳು ಸೇರಿದಾಗ ತೀರದ ಇಳಿಜಾರು, ಮಲಗಿದ ಪ್ರಾಣಿಯೊಂದರ ಬೆನ್ನಿನಂತೆ, ಪರದೆಯ ಮೇಲೆ ಮೂಡುತ್ತಿತ್ತು.

ಆಕಾಶದಿಂದ ಲೇಸರ್ ಬಿಟ್ಟು ತೀರವನ್ನು ಅಳೆಯುವುದು ಹಳೆಯ ವಿದ್ಯೆಯೇ. ಡಾ. ಇಂಚರಾ ಹೂಗಾರ ಅದಕ್ಕೆ ಸೇರಿಸಿದ್ದು ಒಂದು ಸಂಗತಿ. ದಿನದಿನದ ಇಳಿಜಾರುಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಅವಳ ಯಂತ್ರ, ಎಲ್ಲಿಯ ಮರಳು ಎಲ್ಲಿಗೆ ಹೋಯಿತು, ಮುಂದಿನ ಮಳೆಗಾಲಕ್ಕೆ ಎಲ್ಲಿ ಬಂದು ಕೂರುತ್ತದೆ ಎಂದು ಹೇಳುತ್ತಿತ್ತು. ಇಳಿಜಾರು ಸೌಮ್ಯವಾಗಿದ್ದರೆ ಅಲೆ ದೂರದಲ್ಲೇ ಮುರಿದು, ದಣಿದು ಬರುತ್ತದೆ. ಕಡಿದಾಗಿದ್ದರೆ ದಡಕ್ಕೇ ಅಪ್ಪಳಿಸಿ ಮರಳನ್ನು ಎಳೆದೊಯ್ಯುತ್ತದೆ. ಜನ ಅವಳ ನಕ್ಷೆಯನ್ನು ಮರಳಿನ ಪಂಚಾಂಗ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನು ನೋಡಿ, ಎಲ್ಲಿ ದೋಣಿ ಎಳೆಯಬಹುದು, ಎಲ್ಲಿ ಮಕ್ಕಳನ್ನು ನೀರಿಗಿಳಿಸಬಾರದು ಎಂದು ತೀರ್ಮಾನಿಸುತ್ತಿದ್ದರು. ಎಷ್ಟೋ ಊರುಗಳು ಪಂಚಾಂಗ ನೋಡಿಯೇ ಮನೆಗಳನ್ನು ಹಿಂದಕ್ಕೆ ಸರಿಸಿಕೊಂಡಿದ್ದವು.

ಹಳೆಅಳಿವೆ ಸರಿದಿರಲಿಲ್ಲ. ಅಲ್ಲಿ ಕಡಲಿಗೆ ಅಡ್ಡವಾಗಿ ಕರಿಕಲ್ಲಿನ ತಡೆಗೋಡೆಯಿತ್ತು. ಗೋಡೆಯ ಹಿಂದಿನ ಮೊದಲ ಮನೆ ತನ್ಮಯ ಮೊಗವೀರನದು. ನಲವತ್ತು ದಾಟಿದ ಅವನು ದೋಣಿಗಳ ಬ್ಯಾಟರಿ ರಿಪೇರಿ ಮಾಡಿಕೊಂಡಿದ್ದ. ಅವನ ತಂಗಿ ಧೃತಿಯನ್ನು ದಕ್ಷಿಣಕ್ಕಿದ್ದ ತೆಂಕಕೊಡ್ಲಿಗೆ ಮದುವೆ ಮಾಡಿ ಕೊಟ್ಟಿದ್ದರು. ಆ ಊರಿನಲ್ಲಿ ಈಗ ದಂಡೆಯೇ ಇರಲಿಲ್ಲ.

ಪಂಚಾಂಗ ಅದರ ಕಾರಣವನ್ನು ತೋರಿಸಿತ್ತು. ಹಳೆಅಳಿವೆಯ ಗೋಡೆ ತನ್ನ ಹಿಂದಿನ ಮರಳನ್ನು ಹಿಡಿದಿಟ್ಟುಕೊಂಡಿತ್ತು. ಗೋಡೆಗೆ ಬಡಿದ ಅಲೆ ತಿರುಗಿ ಎದುರಿನ ಮರಳನ್ನು ಆಳಕ್ಕೆ ಒಯ್ಯುತ್ತಿತ್ತು. ತೆಂಕಕೊಡ್ಲಿಗೆ ಹೋಗಬೇಕಾದ ಮರಳು ಹೋಗುತ್ತಲೇ ಇರಲಿಲ್ಲ. ಗೋಡೆ ತೆಗೆದು, ಮನೆಗಳು ಊರ ಹಿಂದಿನ ಗೇರುಗುಡ್ಡದ ಬುಡಕ್ಕೆ ಸರಿದರೆ ಕೆಲವು ಮಳೆಗಾಲಗಳಲ್ಲಿ ಎರಡೂ ಊರಿಗೆ ದಂಡೆ ಮರಳುತ್ತಿತ್ತು. ಆದರೆ ಮೊದಲ ಮನೆಯವನು ಒಪ್ಪದೆ ಉಳಿದವರು ಬಾಯಿ ಬಿಡುವಂತಿರಲಿಲ್ಲ.

ಒಂದು ಮಧ್ಯಾಹ್ನ ಧೃತಿ ಇಂಚರಾಳನ್ನು ಅಣ್ಣನ ಮನೆಗೆ ಕರೆದುಕೊಂಡು ಬಂದಳು.

“ನಿಮ್ಮ್ ಪಂಚಾಂಗ ಸುಳ್ಳ್ ಅಂದೇಳಿ ನಾ ಹೇಳುದಿಲ್ಲೆ ಮೇಡಂ,” ಎಂದ ತನ್ಮಯ. “ಆರೆ ಈ ಗ್ವಾಡಿ ಕಟ್ಸುಕೆ ಅಪ್ಪಯ್ಯ ಎಷ್ಟ್ ಆಫೀಸ್ ತಿರ್ಗಿರ್ ಗೊತ್ತಿತ್ತಾ? ಅದನ್ನ್ ತೆಗಿನಿ ಅಂದೇಳಿ ನಾನೇ ಹೇಳುದಾ?”

“ಅಲಿ ಬಂದ್ರೆ ನಮ್ಮನಿ ಅಡ್ಗಿ ಕ್ವಾಣಿಗೆ ನೀರ್ ಬತ್ತಣ್ಣ,” ಎಂದಳು ಧೃತಿ.

“ಹಂಗಾರೆ ಇಲ್ಲಿಗ್ ಬನಿ. ನಾ ಬ್ಯಾಡ ಅಂದಿದ್ನಾ?”

“ನಾ ಬಪ್ಪುಕಾತ್ತ್. ಊರ್ ಬಪ್ಪುಕಾತ್ತಾ?”

ಇಂಚರಾ ಪರದೆ ಬಿಡಿಸಿ ಬರಲಿರುವ ವರ್ಷಗಳ ಇಳಿಜಾರನ್ನು ತೋರಿಸತೊಡಗಿದಳು. ತನ್ಮಯ ಅದನ್ನು ಅರೆಮನಸ್ಸಿನಿಂದ ನೋಡಿ, “ಮುಂದಿಂದ್ ಇರ್ಲಿ. ಗ್ವಾಡಿ ಕಟ್ಟುಕ್ ಮುಂಚೆ ಇಲ್ಲ್ ಹ್ಯಾಂಗಿದ್ದಿತ್ತ್? ಅದ್ ನಿಮ್ಮತ್ರ ಇತ್ತಾ?” ಎಂದು ಕೇಳಿದ.

ಇತ್ತು. ಗೋಡೆಯ ಕಲ್ಲು ಬೀಳುವ ಮುಂಚೆ, ಅಣ್ಣತಂಗಿ ಚಿಕ್ಕವರಿದ್ದಾಗ, ಸಮೀಕ್ಷೆಯ ವಿಮಾನವೊಂದು ಒಮ್ಮೆ ಆ ತೀರದ ಮೇಲೆ ಹಾರಿತ್ತು. ಇಂಚರಾ ಆ ಹಳೆಯ ಬಿಂದುಗಳನ್ನು ಹುಡುಕಿ ತೆರೆದಳು. ಉದ್ದಕ್ಕೆ, ಅಗಲಕ್ಕೆ, ಮೇಲ್ನೋಟಕ್ಕೆ ಎಲ್ಲಿಯೂ ಅವಸರವಿಲ್ಲದೆ ನೀರಿನೊಳಗೆ ಇಳಿದುಹೋಗುವ ಮರಳು ಪರದೆಯ ತುಂಬ ಹರಡಿತು.

“ಇಷ್ಟ್ ಖಾಲಿ ಇಪ್ಪುಕೆ ಸಾಧ್ಯವೇ ಇಲ್ಲೆ,” ಎಂದಳು ಧೃತಿ. “ಜನ ಎಲ್ಲ್ ಹೋಯಿರ್?”

“ಅಳಿಸಿಬಿಡ್ತೀವಿ,” ಎಂದಳು ಇಂಚರಾ. “ಬೆಳಕು ನೆಲದ ಬದಲು ಮನುಷ್ಯರ ಮೇಲೆ, ದೋಣಿ ಮೇಲೆ ಬಿದ್ದರೆ ಇಳಿಜಾರಿನ ಲೆಕ್ಕ ತಪ್ಪುತ್ತೆ. ಅದನ್ನ ನಾವು ಗದ್ದಲ ಅಂತ ಕರೆದು ಬೇರೆ ಎತ್ತಿಡ್ತೀವಿ.”

“ಆ ಗದ್ದಲ ಒಂಚೂರ್ ಕಾಣ್ಸಿ,” ಎಂದಳು ಧೃತಿ.

ಇಂಚರಾ ಅದನ್ನು ತಾನೇ ಎಂದೂ ನೋಡಿರಲಿಲ್ಲ. ಎತ್ತಿಟ್ಟ ಬಿಂದುಗಳನ್ನು ಮತ್ತೆ ಒಳಗೆ ಬಿಟ್ಟಳು. ಮಂಜು ಇಳಿದಂತೆ ಬೂದು ಚುಕ್ಕಿಗಳು ಒಂದೊಂದಾಗಿ ಮರಳಿನ ಮೇಲೆ ಕೂತವು. ಮಗುಚಿ ಹಾಕಿದ ದೋಣಿಗಳಾದವು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರಾದವು. ಬಲೆಯ ಹಗ್ಗ ಎಳೆಯುತ್ತ ಒಂದೇ ಕಡೆಗೆ ವಾಲಿದ ಗಂಡಸರ ಸಾಲಾದವು. ಯಾರಿಗೂ ಮುಖವಿರಲಿಲ್ಲ. ನೀರಿನ ಅಂಚಿನಲ್ಲಿ ಪುಟ್ಟ ದೇಹಗಳೆರಡು ಕೈಕಾಲು ಚಾಚಿ ಅಂಗಾತ ಮಲಗಿದ್ದವು.

ತನ್ಮಯ ಮುಂದಕ್ಕೆ ಬಾಗಿದ. “ಇಮಾನಕ್ಕೆ ಕಾಂಬುಕಂದೇಳಿ ನಾವ್ ಮಲ್ಕಂಡದ್ದ್,” ಎಂದ ಮೆಲ್ಲಗೆ. “ನೆನಪಿತ್ತಾ ನಿಂಗೆ?”

ಧೃತಿ ತಲೆಯಾಡಿಸಿದಳು. ಅವಳ ಕಣ್ಣು ಆ ಮಕ್ಕಳ ಹಿಂದೆ ನಿಂತ, ಹಣೆಗೆ ಕೈ ಅಡ್ಡ ಹಿಡಿದ ಎತ್ತರದ ಆಕೃತಿಯ ಮೇಲಿತ್ತು. ಅವರ ಅಪ್ಪಯ್ಯ ನಿಲ್ಲುತ್ತಿದ್ದುದೇ ಹಾಗೆ.

ಸ್ವಲ್ಪ ಹೊತ್ತಿನ ಮೇಲೆ ತನ್ಮಯ ಎದ್ದು ಹೊರಗೆ ಹೋಗಿ ಗೋಡೆ ಹತ್ತಿ ನಿಂತ. ಆ ಮೂವರು ಇದ್ದ ಜಾಗ ಎದುರಿಗೇ ಇತ್ತು. ಅಲ್ಲೀಗ ನೀರು ಕಪ್ಪಾಗಿ, ಆಳವಾಗಿ ತಿರುಗುತ್ತಿತ್ತು. ಅವನು ಕೆಳಗಿಳಿದು ಬಂದು ಹೇಳಿದ: “ಮನಿ ಉಳಿಸ್ಕ್ ಅಂದೇಳಿ ಅಪ್ಪಯ್ಯ ಗ್ವಾಡಿ ಕಟ್ಸ್ರ್. ಅವ್ರ್ ನಿಂತ ಜಾಗವೇ ಹೋಯ್ತಲೆ. ತೆಗಿನಿ ಮೇಡಂ.”

ಮರುಬೇಸಿಗೆಯಲ್ಲಿ ಕಲ್ಲುಗಳನ್ನು ಎತ್ತಿದರು. ತನ್ಮಯ ತನ್ನ ಮನೆಯ ಹೆಂಚುಗಳನ್ನು ತಾನೇ ಇಳಿಸಿ ಗುಡ್ಡದ ಬುಡಕ್ಕೆ ಸಾಗಿಸಿದ. ಮೊದಲ ಮಳೆಗಾಲ ಅವನ ಅಂಗಳವನ್ನು, ಬಾವಿಯನ್ನು, ಪಡಸಾಲೆಯಿದ್ದ ನೆಲವನ್ನು ಕೊಂಡೊಯ್ದಿತು. ಹೀಗೇ ಆಗುವುದೆಂದು ಅವನಿಗೆ ಗೊತ್ತಿತ್ತು. ಆದರೂ ಆ ದಿನಗಳಲ್ಲಿ ಅವನು ಕಡಲ ಕಡೆಗೆ ಇಳಿಯಲಿಲ್ಲ. ಇಂಚರಾ ಎರಡು ಸಲ ಅವನ ಹೊಸ ಮನೆಯ ಬಾಗಿಲವರೆಗೆ ಹೋಗಿ ಹಿಂತಿರುಗಿದಳು.

ಮುಂದಿನ ವರ್ಷಗಳಲ್ಲಿ ಮರಳು ನಿಧಾನವಾಗಿ ದಕ್ಷಿಣಕ್ಕೆ ನಡೆಯಿತು. ಹಳೆಅಳಿವೆಗೆ ಸಣ್ಣದೊಂದು ದಂಡೆ ಬಂತು. ತೆಂಕಕೊಡ್ಲಿನಲ್ಲಿ ಧೃತಿಯ ಅಡುಗೆಮನೆಯಿಂದ ಕಡಲು ದೂರ ಸರಿದು, ನಡುವೆ ಬಿಳಿಯ ಇಳಿಜಾರು ಚಾಚಿಕೊಂಡಿತು. ಆ ಮರಳಿನಲ್ಲಿ ಒಂದು ಪಾಲು ತನ್ಮಯನ ಮನೆಯಡಿಯಿಂದ ಬಂದದ್ದು ಎಂದು ಯಂತ್ರ ಹೇಳಿತು. ಅದನ್ನು ಕೇಳಿದ ಧೃತಿ ಅಣ್ಣನನ್ನು ಕರೆಸಿದಳು.

“ನಿನ್ನ್ ಅಂಗ್ಳ ನಮ್ಮನಿ ಎದ್ರಿಗೆ ಬಂದಿತ್ತ್. ಕೂಕೊ,” ಎಂದಳು.

ಅವನು ಚಪ್ಪಲಿ ಬಿಟ್ಟು ಕೂತ. ಆಮೇಲೆ ಮಲಗಿದ. ಸಂಜೆಯವರೆಗೂ ಏಳಲಿಲ್ಲ.

ಇಂಚರಾ ಅಂದಿನಿಂದ ಯಾವ ಸಮೀಕ್ಷೆಯಲ್ಲೂ ಮನುಷ್ಯರನ್ನು ಅಳಿಸಲಿಲ್ಲ, ಇಳಿಜಾರಿನ ಲೆಕ್ಕ ಮುಗಿದ ಮೇಲೆ ಅವರನ್ನು ಮತ್ತೆ ನಕ್ಷೆಯೊಳಗೆ ಬಿಡುತ್ತಿದ್ದಳು. ಆ ಹಳೆಯ ನಕ್ಷೆಯನ್ನು ಮಾತ್ರ ಅವಳು ಮತ್ತೆ ಮತ್ತೆ ತೆರೆಯುತ್ತಿದ್ದಳು. ಹಗ್ಗ ಎಳೆಯುವವರ ಕಾಲ ಬಳಿ ಇಳಿಜಾರು ಆಗಲೇ ತುಸು ಕಡಿದಾಗತೊಡಗಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಳೆದವರು ಅದನ್ನು ಭದ್ರವಾಗಿ ತೆಗೆದಿಟ್ಟಿದ್ದರು, ತೆರೆದು ನೋಡಿದವರಿರಲಿಲ್ಲ. ಆ ನಕ್ಷೆಯೊಳಗಿದ್ದದ್ದು ಎರಡು ಸಾವಿರದ ಇಪ್ಪತ್ತರ ದಶಕದ ಒಂದು ಬೆಳಗು. ಗೋಡೆಯ ಕಲ್ಲು ಹೊತ್ತ ಲಾರಿಗಳು ಇನ್ನೂ ಆ ಊರಿಗೆ ಹೊರಟಿರಲಿಲ್ಲ.