ಕೆರಾಡಿ ಏರಲ್ಲಿ ಆಳ ಕೂಗಿದವ

ಸಂಜೆ ಆರರೊಳಗೆ ಮರ ಚೆಕ್‌ಪೋಸ್ಟ್ ದಾಟ್ಬೇಕು. ಅರಣ್ಯ ಇಲಾಖೆಯ ಪಾಸಲ್ಲಿ ಹಾಗೇ ಬರ್ದಿದೆ. ಒಂದು ನಿಮಿಷ ಹೆಚ್ಚಾದ್ರೂ ಪಾಸ್ ರದ್ದು, ಮರ ಕೆರಾಡಿ ತೋಡಿನ ಬದಿಯಲ್ಲೇ ಗೆದ್ದಲಿಗೆ. ಆ ಮರ ಬಾರದೇ ಹೋದ್ರೆ ಹಂಗಾರಕಟ್ಟೆಯಲ್ಲಿ ಪ್ರೇಮಾನಂದರು ಕಟ್ತಿರೋ ದೋಣಿಗೆ ಬೆನ್ನೆಲುಬೇ ಇಲ್ಲ. ಉದ್ದ ಲಾರಿ ಆ ದಾರೀಲಿ ತಿರುಗೂದಿಲ್ಲ. ಹಾಗಾಗಿ ಉಲ್ಲಾಸ್, ನಾ ನನ್ನ ಟ್ರಕ್ಕಲ್ಲಿ ಎಳ್ಕಂಡ್ ತತ್ತೆ ಅಂದ್ಬಿಟ್ಟ.

ಅಂದದ್ದೇನೋ ಅಂದ. ಅವನ ಟ್ರಕ್ ಭಾರ ಎಳೆದು ಏರು ಹತ್ತಿದ್ದು ಇವತ್ತಿನವರೆಗೆ ಇಲ್ಲ.

ಹರಾಜಲ್ಲಿ ತಂದ ಫಾರಿನ್ ಗಾಡಿ, ಆರು ಸಿಲಿಂಡರಿನ ಪೆಟ್ರೋಲ್ ಇಂಜೆಕ್ಷನ್. ನೆರೆ ನೀರು ಕುಡ್ದು ಅದರ ಇಂಜಿನ್ ಕಂಪ್ಯೂಟರ್ ಸತ್ತಿತ್ತು. ಉಲ್ಲಾಸ್, ಅವನ ಗೆಳೆಯ ರೋಹನ್ ಇಬ್ಬರೂ ಒಂದು ತಿಂಗಳು ಅದಕ್ಕೇ ಜಗಳ ಆಡಿದ್ರು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತರೂದಾ? ಅದು ಹಳೇ ಯಜಮಾನನ ಕೀ ಬಿಟ್ರೆ ಬೇರೆ ಕೀಗೆ ಮಾತಾಡೂದಿಲ್ಲ. ಸೆನ್ಸರಿನ ಮಾತಲ್ಲಿ ಸ್ವಲ್ಪ ಸುಳ್ಳು ಬೆರ್ಸಿ ಕಂಪ್ಯೂಟರಿಗೆ ಹೇಳೋ ಸಣ್ಣ ಪೆಟ್ಟಿಗೆ ಹಾಕೂದಾ? ಸತ್ತವನ ಕಿವಿಗೆ ಸುಳ್ಳು ಹೇಳಿ ಎಂತ ಉಪಯೋಗ ಅಂದಿದ್ದ ರೋಹನ್. ಕಡೆಗೆ ಪೂರ್ತಿ ಹೊಸದೇ ಬಂತು, ಒಳಗೆ ಬರೀ ಖಾಲಿ ಚೌಕಗಳು. ಎಷ್ಟು ವೇಗಕ್ಕೆ, ಎಷ್ಟು ಭಾರಕ್ಕೆ ಎಷ್ಟು ಪೆಟ್ರೋಲ್ ಅಂತ ಒಂದೊಂದೇ ಚೌಕ ತಾವೇ ತುಂಬ್ಬೇಕು. ಇಬ್ಬರ ಕೆಲ್ಸ ಅದು. ಒಬ್ಬ ಓಡ್ಸೂದು, ಪಕ್ಕದವ ಲ್ಯಾಪ್‌ಟಾಪ್ ಹಿಡ್ಕೊಂಡು ಅಂಕಿ ಕೂಗೂದು. ಕೋಟದ ಹೈವೇಯಲ್ಲಿ ಸಪಾಟು ದಾರಿಯ ಚೌಕ ಎಲ್ಲಾ ತುಂಬಿ ಆಯ್ತು. ಏರಿನದ್ದಕ್ಕೆ ಬರೂವಾಗ ರೋಹನ್ ಮುಂಬೈಯ ಮಾವನ ಹೋಟೆಲಿಗೆ ಹೋದ. ಫೋನ್ ಮಾಡಿದ್ರೆ ಯಾವಾಗ್ಲೂ, ಈಗ ರಶ್ ಅಂತಿದ್ದ. ಆರು ತಿಂಗಳಿಂದ ಪಕ್ಕದ ಸೀಟಲ್ಲಿ ಲ್ಯಾಪ್‌ಟಾಪಿಗೇ ಬೆಲ್ಟ್ ಹಾಕಿ ಉಲ್ಲಾಸ್ ಒಬ್ನೇ ಓಡಾಡ್ತಿದ್ದ.

ಇವತ್ತು ಆ ಸೀಟಲ್ಲಿ ಚಂದಯ್ಯ. ನಲ್ವತ್ತು ವರ್ಷ ದೋಣಿಯ ಮೂತಿಯಲ್ಲಿ ನಿಂತು, ಹೊಳೆ ಸಮುದ್ರ ಸೇರೂ ಅಳಿವೆ ಬಾಯಲ್ಲಿ ಗುಂಡು ಕಟ್ಟಿದ ಹಗ್ಗ ಇಳ್ಸಿ ನೀರಿನ ಆಳ ಕೂಗಿದವರು. ಈಗ ಆಳ ಹೇಳೂಕೆ ಎಲ್ಲಾ ದೋಣಿಯಲ್ಲೂ ಮಿಷನ್ ಇದೆ, ಅವ್ರನ್ನ ಯಾರೂ ಕರೀದಿಲ್ಲ. ಉಲ್ಲಾಸನಿಗೆ ಅಂಕಿ ಕೂಗೂ ಜನ ಬೇಕಂತೆ ಅಂತ ಪ್ರೇಮಾನಂದರು ಹೇಳಿದ್ದೇ ಸೈ, ಬೆಳಿಗ್ಗೆ ಐದಕ್ಕೇ ಬಂದು ಸೀಟಲ್ಲಿ ಕೂತಿದ್ರು.

ಕೆರಾಡಿ ದಾಟಿ ಟಾರು ಮುಗಿದ ಮೇಲೆ ಬರೀ ಕಾಡು. ಮರದ ನೆರಳು ಎಷ್ಟು ದಪ್ಪ ಅಂದ್ರೆ ಮಧ್ಯಾಹ್ನವೇ ಹೆಡ್‌ಲೈಟ್ ಹಾಕೂ ಮನಸ್ಸಾಗ್ತದೆ. ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯೂ ಸದ್ದು, ಕೆಳಗೆ ತೋಡಿನ ನೀರು, ಮಧ್ಯೆ ಇವರಿಬ್ಬರು. ಫೋನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಇಪ್ಪತ್ತೆರಡು ಅಡಿಯ ಮರ, ಎರಡು ಗಾಲಿಯ ಟ್ರಾಲಿ, ಒಂದು ಚೈನ್ ಪುಲ್ಲಿ. ಹೇರಿ, ಕಟ್ಟಿ ಮುಗಿಯೂವಾಗ ನಾಲ್ಕೂಕಾಲು.

ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನೂದೇ ಈ ಅಂಕಿ, ಕಾಣ್ತಾ ಕೂಗಿ, ಅಪಾಯ ಆದ್ರೆ ಜೋರು ಕೂಗಿ ಅಂತ ಉಲ್ಲಾಸ್ ಲ್ಯಾಪ್‌ಟಾಪ್ ತೋರ್ಸಿ ಹೇಳ್ಕೊಟ್ಟ. ಚಂದಯ್ಯ ಸೊಂಟ ನೆಟ್ಟಗೆ ಮಾಡಿ ಕೂತ್ರು.

ಟ್ರಕ್ ಗುರ್ರ್ ಅಂತು. ಟ್ರಾಲಿ ಅಲುಗಾಡ್ತು.

"ಹನ್ನೆರ್ಡ್, ಹನ್ನೆರ್ಡ್," ಚಂದಯ್ಯರ ಗಂಟಲಲ್ಲಿ ಗಾಬರಿ. ಉಲ್ಲಾಸ್ ಹೆದ್ರಿ ಕಾಲು ಸಡಿಲ ಮಾಡಿದ.

ಏರು ಕಡಿದಾಯ್ತು. "ಹದ್ಮೂರ್... ಹದ್ನಾಕ್..." ಈಗ ಸ್ವರ ತಣ್ಣಗೆ, ಮಗುವನ್ನ ತೂಗಿದ ಹಾಗೆ. ಧೈರ್ಯ ಬಂತು. ಉಲ್ಲಾಸ್ ಒತ್ತಿದ.

"ಹದ್ನಾರ್. ಲಾಯ್ಕಿತ್ತ್ ಮಗಾ, ಹೋಯ್ಲಿ."

ಬಾನೆಟ್ ಒಳಗೆ ಟಣ್ ಟಣ್ ಟಣ್.

ಉಲ್ಲಾಸ್ ಕಾಲು ಕಿತ್ತ. ಇಂಜಿನ್ ಆಫ್. ಭಾರಕ್ಕೆ ಟ್ರಕ್ ಹಿಂದೆ ಜಾರ್ತು. ಹಿಂದೆ ತೋಡು. ಬ್ರೇಕ್ ಮೇಲೆ ಎರಡೂ ಕಾಲು. ಚಂದಯ್ಯ ಹಾರಿದ್ರು, ಒಂದು ಕಲ್ಲು ಎತ್ತಿ ಟ್ರಾಲಿ ಗಾಲಿಗೆ ಕೊಟ್ರು.

ನಿಂತಿತು.

"ಹದ್ನಾರಕ್ಕೆ ಲಾಯ್ಕಿತ್ತ್ ಅಂದ್ರಲ್ಲ ನೀವ್."

"ಆಳ ಇತ್ತಲ್ದಾ. ಹನ್ನೆರ್ಡರಲ್ಲಿ ದೋಣಿ ತಳ ತಾಗತ್ತೇನೋ ಅಂದೇಳಿ ಜೀವ ಹೋಯಿತ್ ನಂಗೆ."

ಉಲ್ಲಾಸ್ ಹಣೆ ಒರ್ಸಿಕೊಂಡ. ಯಾವ ಬದಿಗೆ ಅಪಾಯ ಅಂತ ಹೇಳೂಕೇ ಮರ್ತಿದ್ದ. ರೋಹನಿಗೆ ಅದನ್ನ ಹೇಳೂದೇ ಬೇಡಾಗಿತ್ತು. ಇಲ್ಲಿ ಅಂಕಿ ಏರಿದ್ರೆ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ, ಹದಿನೈದರ ಮೇಲೆ ಹೀಗೇ ಎಳೆದ್ರೆ ಪಿಸ್ಟನ್ನೇ ಕರಗ್ತದೆ ಅಂದ. ಎಲ್ಲಾ ಉಲ್ಟಾ.

ಚಂದಯ್ಯ ಗಾಲಿಯ ಕಲ್ಲನ್ನ ಕಾಲಲ್ಲಿ ಇನ್ನೂ ಒಳಗೆ ಒತ್ತಿದ್ರು. "ಉಲ್ಟಾ ಎಂತಕೆ? ಅಳಿವೆ ಲೆಕ್ಕ ಅಲ್ಲ ಇದ್, ಮೀನ್ ಬಲೆ ಲೆಕ್ಕ. ತೀರಾ ಆಳಕ್ಕೆ ಹೋರೆ ಬಲೆ ನೆಲ ಮುಟ್ಟುದಿಲ್ಲ. ಹನ್ನೆರ್ಡರಲ್ಲೇ ಮೀನ್. ಗಾಡಿ ಹತ್ತ್ ಮಗಾ."

ಉಲ್ಲಾಸ್ ಲ್ಯಾಪ್‌ಟಾಪಲ್ಲಿ ಆ ಚೌಕಕ್ಕೆ ಪೆಟ್ರೋಲ್ ಹೆಚ್ಚು ಮಾಡಿದ. ಇಪ್ಪತ್ತು ಮಾರು ಏರಿದ್ರು. ಹದ್ನಾಕ್ ಅನ್ನೂವಾಗ್ಲೇ ಚಂದಯ್ಯರ ಸ್ವರ ಚೂಪಾಯ್ತು. ನಿಲ್ಸು, ಕಲ್ಲು ಕೊಡು, ಮುಂದಿನ ಚೌಕ ತುಂಬು, ಮತ್ತೆ ಹತ್ತು. ಐದು ಸಲ. ಆರನೇ ಸಲ ಉಲ್ಲಾಸ್ ದಾರಿ ಬಿಟ್ಟು ಎಂತದೂ ಕಾಣ್ಲಿಲ್ಲ. ಕಿವಿಯಲ್ಲಿ ಒಂದೇ ಮಾತು, ಹನ್ನೆರ್ಡೂವರಿ, ಹನ್ನೆರ್ಡೂವರಿ. ಮಣ್ಣು ಚಿಮ್ಮಿತು, ಮರ ಕಿರುಗುಟ್ಟಿತು, ಟ್ರಕ್ ಟಾರಿನ ಮೇಲೆ ಹತ್ತಿ ಕೂತಿತು.

ಚೆಕ್‌ಪೋಸ್ಟಲ್ಲಿ ದಿನಕರ ಅನ್ನೋ ಗಾರ್ಡು ಪಾಸ್ ಕಂಡ, ಗಡಿಯಾರ ಕಂಡ. "ಇನ್ನೂ ಎಂಟ್ ನಿಮಿಷ ಇತ್ತಲ್ಲ. ಚಾ ಕುಡ್ಕಂಡೇ ಬಪ್ಪುದಲ್ದಾ."

ಹಂಗಾರಕಟ್ಟೆಯಲ್ಲಿ ಮರ ಇಳಿಯಿತು. ಪ್ರೇಮಾನಂದರು ಅದರ ಮೈ ಸವರಿ, ಅಡ್ಡಿಲ್ಲ ಅಂದ್ರು. ಅವರ ಬಾಯಲ್ಲಿ ಅಷ್ಟು ಬಂದ್ರೆ ಬಹುಮಾನ. ಉಲ್ಲಾಸ್ ತುಂಬಿದ ಚೌಕಗಳ ಫೋಟೋ ರೋಹನಿಗೆ ಕಳ್ಸಿದ. ಈಗ ರಶ್ ಅಂತ ಬಂತು.

ಚಂದಯ್ಯ ಸೀಟಿಂದ ಇಳೀಲಿಲ್ಲ. ಪರದೆಯ ಮೇಲಿನ ಮೂಲೆಗೆ ಬೆರಳಿಟ್ರು. "ಇಲ್ಲ್ ಇನ್ನೂ ಖಾಲಿ ಇತ್ತಲ್ದಾ?"

"ಇತ್ತ್. ಇನ್ನೂ ದೊಡ್ಡ ಏರ್ ಬೇಕ್ ಅದಕ್ಕೆ."

"ಹಾಂಗಾರೆ ನನ್ನನ್ನೇ ಕರಿ," ಅಂದು ಇಳಿದು, ಹೊಳೆ ಬದಿಯ ದಾರಿ ಹಿಡಿದ್ರು.

ಕೋಟದ ಕಡೆಗೆ ಹೈವೇ ಖಾಲಿ. ಉಲ್ಲಾಸ್ ಲ್ಯಾಪ್‌ಟಾಪನ್ನ ಸೀಟಿನ ಹಿಂದೆ ಇಟ್ಟಿದ್ದ, ಬೆಲ್ಟ್ ಸುಮ್ನೆ ನೇತಾಡ್ತಿತ್ತು. ಸಪಾಟು ದಾರಿ, ಎಳೂಕೆ ಭಾರ ಇಲ್ಲ, ಇಲ್ಲಿ ಹದ್ನಾಕಾದ್ರೂ ಅಪಾಯ ಅಲ್ಲ, ಇಂಜಿನ್ ಹದವಾಗಿ ಹಾಡ್ತಿತ್ತು.

"ಹದ್ನಾಕ್," ಅಂದ, ಅಂದಾಜಲ್ಲೇ, ಜೋರಾಗಿ.

ಲಾಯ್ಕಿತ್ತ್ ಅನ್ನೂಕೆ ಪಕ್ಕದ ಸೀಟಲ್ಲಿ ಯಾರೂ ಇರ್ಲಿಲ್ಲ.